ಚಿಲ್ಲರೆಯಲ್ಲಿ ಸಿಗುವ ಊರುಗಳು: ದೃಶ್ಯಚಿತ್ರದ ಸ್ಮರಣಾರ್ಥ ನಾಣ್ಯ ಕೂಡಿಡುವವರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈಯ ಮಾಟುಂಗದಲ್ಲಿ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಲು ಶುರು ಮಾಡಿದಾಗ ನನಗೆ ನಾಣ್ಯ ಅಂದರೆ ಬರೀ ಲೆಕ್ಕ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿವರೆಗೂ ಕೈಯಲ್ಲಿ ಚಿಲ್ಲರೆ. ಒಂದರ ಗುಡ್ಡೆ, ಎರಡರ ಗುಡ್ಡೆ, ಐದರ ಗುಡ್ಡೆ. ಒಂದು ಮಧ್ಯಾಹ್ನ ಸಪ್ಲೈ ಮಾಡುವ ಮಾಣಿ ಒಂದು ರೂಪಾಯಿ ನಾಣ್ಯ ತಂದು ನನ್ನ ಮುಂದಿಟ್ಟ. "ಅಣ್ಣಾ, ಇದು ನಡೀತದಾ? ಇದರಲ್ಲಿ ಎಂಥದೋ ಬಿಲ್ಡಿಂಗ್ ಉಂಟು."

ನೋಡಿದೆ. 1997ರ ನಾಣ್ಯ. ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು. ಎಷ್ಟು ಸಾವಿರ ಒಂದು ರೂಪಾಯಿ ಎಣಿಸಿದ್ದೆನೋ, ಒಂದರಲ್ಲೂ ಜೈಲು ಕಂಡಿರಲಿಲ್ಲ. ಅಂಡಮಾನ್‌ನ ಇಟ್ಟಿಗೆಯ ಕಟ್ಟಡವೊಂದು ಸಮುದ್ರ ದಾಟಿ, ಎಷ್ಟೋ ಜನರ ಜೇಬು ದಾಟಿ, ಒಂದು ಪ್ಲೇಟ್ ಇಡ್ಲಿಯ ಬಿಲ್ಲಿನ ಜೊತೆ ನನ್ನ ಕೈಗೆ ಬಂದಿತ್ತು. ನನ್ನ ಜೇಬಿನಿಂದ ಒಂದು ರೂಪಾಯಿ ಗಲ್ಲಾಕ್ಕೆ ಹಾಕಿ ಅದನ್ನು ಎತ್ತಿಟ್ಟುಕೊಂಡೆ. ಶುರುವಾದದ್ದು ಹಾಗೆ.

ಈ ಹವ್ಯಾಸಕ್ಕೆ ದುಡ್ಡು ಜಾಸ್ತಿ ಬೇಡ. ಕಣ್ಣು ಬೇಕು, ತಾಳ್ಮೆ ಬೇಕು. ಇಷ್ಟು ವರ್ಷದಲ್ಲಿ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಚಲಾವಣೆಗೆ ಬಂದದ್ದು ಯಾವುದು, ಬರದೇ ಇದ್ದದ್ದು ಯಾವುದು

ಸ್ಮರಣಾರ್ಥ ನಾಣ್ಯಗಳಲ್ಲಿ ಎರಡು ಜಾತಿ. ಒಂದು, ಟಂಕಸಾಲೆಯವರು, ಅಂದರೆ ನಾಣ್ಯ ಅಚ್ಚು ಹಾಕುವವರು, ಸಂಗ್ರಾಹಕರಿಗೆ ಅಂತಲೇ ಪೆಟ್ಟಿಗೆಯಲ್ಲಿಟ್ಟು ಮಾರುವುದು. 75, 100, 150, 1000 ರೂಪಾಯಿಯ ನಾಣ್ಯಗಳೆಲ್ಲ ಈ ಜಾತಿ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯವನ್ನು ಕೊಟ್ಟು ಯಾರೂ ತರಕಾರಿ ತರುವುದಿಲ್ಲ. ಇನ್ನೊಂದು, ಮಾಮೂಲಿ ಒಂದು, ಎರಡು, ಐದು, ಹತ್ತು ರೂಪಾಯಿಯ ಜೊತೆಗೇ ಬ್ಯಾಂಕಿನಿಂದ ಹೊರಬಿದ್ದು ಬಸ್ಸು, ಅಂಗಡಿ, ಹುಂಡಿ ಸುತ್ತುವುದು.

ನನ್ನ ಮಾತು ಕೇಳುವುದಾದರೆ ಎರಡನೆಯದರಿಂದ ಶುರು ಮಾಡಿ. ಪೆಟ್ಟಿಗೆಯ ನಾಣ್ಯ ಚೆನ್ನಾಗಿ ಹೊಳೆಯುತ್ತದೆ, ನಿಜ. ಆದರೆ ಅದು ಎಲ್ಲಿಗೂ ಹೋಗಿ ಬಂದದ್ದಲ್ಲ. ಚಿಲ್ಲರೆಯಲ್ಲಿ ಸಿಕ್ಕಿದ್ದಕ್ಕೆ ಒಂದು ಪ್ರಯಾಣ ಇರುತ್ತದೆ. ಅದರ ಮೇಲಿನ ಒಂದು ಗೀರು ಕೂಡ ಎಲ್ಲೋ ಯಾರದೋ ಕೈಯಲ್ಲಿ ಬಿದ್ದದ್ದು.

ಹೆಜ್ಜೆ 2: ಎಲ್ಲವನ್ನೂ ಬೇಡ, ಒಂದು ದಾರಿ ಹಿಡಿಯಿರಿ

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. ಒಂದು ರೂಪಾಯಿ ಮತ್ತು ಎಂಟಾಣೆ. ಅಲ್ಲಿಂದ ಈಚೆಗೆ ಬಂದವುಗಳಲ್ಲಿ ಜಾಸ್ತಿ ಇರುವುದು ವ್ಯಕ್ತಿಗಳ ಮುಖ, ಸಂಸ್ಥೆಗಳ ಲಾಂಛನ. ಜಾಗ, ಕಟ್ಟಡ, ದೃಶ್ಯ ಇರುವುದು ಕಡಿಮೆ. ಕಡಿಮೆ ಇರುವುದರಿಂದಲೇ ಹೊಸಬರಿಗೆ ಈ ದಾರಿ ಒಳ್ಳೆಯದು. ಕೆಲವೇ ತಿಂಗಳಲ್ಲಿ ಒಂದು ಪುಟ ತುಂಬುತ್ತದೆ, ಉತ್ಸಾಹ ಉಳಿಯುತ್ತದೆ.

ನಾನು ಹೊಸಬರಿಗೆ ಮೊದಲು ಹೇಳುವ ನಾಣ್ಯಗಳು ಇವು. 1997ರ ಸೆಲ್ಯುಲರ್ ಜೈಲಿನ ಒಂದು ರೂಪಾಯಿ. ದಂಡಿ ಯಾತ್ರೆಗೆ 75 ವರ್ಷ ತುಂಬಿದ ನೆನಪಿನ 2005ರ ಐದು ರೂಪಾಯಿ. ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷ ಆದಾಗ 2010ರಲ್ಲಿ ಬಂದ ಐದು ರೂಪಾಯಿ. ಅದೇ ವರ್ಷ ರಿಸರ್ವ್ ಬ್ಯಾಂಕಿನ 75 ವರ್ಷಕ್ಕೆ ಬಂದ ನಾಣ್ಯಗಳು, ಅವುಗಳಲ್ಲಿ ಹುಲಿ ಮತ್ತು ತಾಳೆಮರ ಇದೆ. 2012ರಲ್ಲಿ ಸಂಸತ್ತಿನ 60 ವರ್ಷಕ್ಕೆ ಬಂದ ಐದು ಮತ್ತು ಹತ್ತು ರೂಪಾಯಿ. ಹಳೆಯದರಲ್ಲಿ 1982ರ ಏಷ್ಯನ್ ಗೇಮ್ಸ್‌ನ ಪಾವಲಿ, ದೆಹಲಿಯ ಜಂತರ್ ಮಂತರ್ ಇರುವ ಲಾಂಛನದ್ದು.

ಪಾವಲಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅದನ್ನು ಮನೆಯಲ್ಲೇ ಹುಡುಕಬೇಕು. ಅಜ್ಜಿಯ ಸಾಸಿವೆ ಡಬ್ಬಿ, ಹೊಲಿಗೆ ಯಂತ್ರದ ಡ್ರಾಯರ್, ಊರಿನ ಮನೆಯ ದೇವರ ಕೋಣೆ. ನನಗೆ ಸಿಕ್ಕಿದ್ದು ಅತ್ತೆಯ ಎಲೆ ಅಡಿಕೆ ಡಬ್ಬಿಯಲ್ಲಿ.

ಅಂದ ಹಾಗೆ, 2006ರಲ್ಲಿ ಬಸವೇಶ್ವರರ ಐದು ರೂಪಾಯಿ ನಾಣ್ಯ ಬಂತು. ಅದು ದೃಶ್ಯ ಅಲ್ಲ, ಮುಖಚಿತ್ರ. ಆದರೂ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿ ಅದೇ ಇದೆ. ಮುಂಬೈಯಲ್ಲಿ ಇದ್ದುಕೊಂಡು ಕನ್ನಡದವನಾಗಿ ಅದನ್ನು ಹೊರಗಿಡಲು ನನಗೆ ಮನಸ್ಸಿಲ್ಲ. ನಿಮ್ಮ ಸಂಗ್ರಹಕ್ಕೂ ಇಂಥ ಒಂದು ವಿನಾಯಿತಿ ಇರಲಿ.

ಹೆಜ್ಜೆ 3: ಚಿಲ್ಲರೆ ಎಲ್ಲಿ ಹರಿಯುತ್ತದೋ ಅಲ್ಲಿ ನಿಲ್ಲಿ

ನನ್ನ ಹಾಗೆ ಗಲ್ಲಾದಲ್ಲಿ ಕೂರುವವರಿಗೆ ಕೆಲಸ ಸುಲಭ. ಉಳಿದವರು ಗಲ್ಲಾದವರ ಸ್ನೇಹ ಮಾಡಿಕೊಳ್ಳಿ. ಹೋಟೆಲು, ಹೂವಿನ ಅಂಗಡಿ, ಕಿರಾಣಿ ಅಂಗಡಿ. ನಮ್ಮ ಊರಿನವರ ಹೋಟೆಲು ಮಾಟುಂಗದಲ್ಲಿ, ಫೋರ್ಟ್‌ನಲ್ಲಿ ಇನ್ನೂ ಎಷ್ಟೋ ಇವೆ. ಮಧ್ಯಾಹ್ನ ಮೂರರಿಂದ ನಾಲ್ಕರ ಒಳಗೆ ಹೋಗಿ, ಗಿರಾಕಿ ಕಡಿಮೆ ಇರುವ ಹೊತ್ತು. ನೂರರ ನೋಟು ಕೊಟ್ಟು ಐದರ ಚಿಲ್ಲರೆ ಕೇಳಿ. ಮುಂಬೈಯಲ್ಲಿ ಚಿಲ್ಲರೆಗೆ ಯಾವಾಗಲೂ ಬರ. ಹಾಗಾಗಿ ನೋಡಿ ಆದ ಮೇಲೆ ಬೇಡದ್ದನ್ನೆಲ್ಲ ಅವರಿಗೇ ವಾಪಸ್ ಕೊಡಿ. ಎರಡು ಸಲ ಹಾಗೆ ಮಾಡಿದರೆ ಮೂರನೇ ಸಲ ಅವರೇ ಎತ್ತಿಟ್ಟಿರುತ್ತಾರೆ.

ಬ್ಯಾಂಕಿನಲ್ಲಿ ಪರಿಚಯ ಇದ್ದರೆ ನಾಣ್ಯದ ಚೀಲವನ್ನೇ ಕೇಳಬಹುದು. ಹೊಸ ಚೀಲದಲ್ಲಿ ಒಂದೇ ತರಹದ ಹೊಳೆಯುವ ನಾಣ್ಯ ಇರುತ್ತದೆ, ಹಳೆಯ ಚೀಲದಲ್ಲಿ ಎಲ್ಲ ಕಾಲದ್ದೂ ಬೆರೆತಿರುತ್ತದೆ. ನನಗೆ ಹಳೆಯ ಚೀಲವೇ ಇಷ್ಟ.

ಇಲ್ಲಿ ಒಂದು ವಿಷಯ. "ಈ ಹತ್ತರ ನಾಣ್ಯ ನಡೆಯುವುದಿಲ್ಲ" ಅಂತ ಕೆಲವು ಅಂಗಡಿಯವರು ತಿರುಗಿಸಿ ಕೊಡುತ್ತಾರೆ, ಅಲ್ವಾ? ಅದು ತಪ್ಪು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿತು: ಆವರೆಗೆ ಬಂದ ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ. ಚಿತ್ರ ಬೇರೆ ಇದ್ದರೆ ಖೋಟಾ ಅಂತ ಅರ್ಥ ಅಲ್ಲ. ಅಂಗಡಿಯವರು ಬೇಡ ಅಂದದ್ದನ್ನು ಸುಮ್ನೆ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ನನಗೆ ಸಂಸತ್ತಿನ ಹತ್ತು ರೂಪಾಯಿ ಸಿಕ್ಕಿದ್ದು ಹಾಗೆಯೇ. ದಾದರ್‌ನ ಹೂವಿನ ಮಾರುಕಟ್ಟೆಯಲ್ಲಿ ಒಬ್ಬ ಅಜ್ಜಿಯಿಂದ ಯಾರೂ ತೆಗೆದುಕೊಳ್ಳದೆ, ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದರು.

ಹೆಜ್ಜೆ 4: ನಾಣ್ಯವನ್ನು ಓದುವುದು

ಈ ಹೆಜ್ಜೆಗೆ ಹೊತ್ತು ಕೊಡಿ. ಹವ್ಯಾಸದ ಸುಖ ಇರುವುದೇ ಇಲ್ಲಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು ಆದರೂ ಸಾಕು. ಟೇಬಲ್ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಕೈ ಜಾರಿದರೂ ನಾಣ್ಯಕ್ಕೆ ಪೆಟ್ಟಾಗಬಾರದು. ಅಂಚನ್ನು ಮಾತ್ರ ಹಿಡಿಯಿರಿ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ. ಚಿತ್ರದ ಮೇಲೆ ಬೆರಳು ಬೇಡ. ಕೈಯ ಬೆವರು ವರ್ಷ ಕಳೆದ ಮೇಲೆ ಬೆರಳಚ್ಚಿನ ಕಲೆಯಾಗಿ ಎದ್ದು ಬರುತ್ತದೆ.

ದೀಪ ನೇರ ಮೇಲಿನಿಂದ ಬೀಳಬಾರದು. ಪಕ್ಕದಿಂದ, ಓರೆಯಾಗಿ ಬೀಳಲಿ. ಸಂಜೆ ಐದರ ಬಿಸಿಲು ಕಿಟಕಿಯಿಂದ ಬರುತ್ತದಲ್ಲ, ಅದು ಎಲ್ಲಕ್ಕಿಂತ ಒಳ್ಳೆಯದು. ಆ ಬೆಳಕಿನಲ್ಲಿ ಬೃಹದೀಶ್ವರದ ಐದು ರೂಪಾಯಿ ಹಿಡಿದು ನೋಡಿ. ನಾಣ್ಯದ ಅಗಲ ಬರೀ 23 ಮಿಲಿಮೀಟರ್. ದೇವಸ್ಥಾನದ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ಎತ್ತರ 60 ಮೀಟರಿಗೂ ಜಾಸ್ತಿ. ರಾಜರಾಜ ಚೋಳನ ಕಾಲದಲ್ಲಿ ಅಷ್ಟು ಕಲ್ಲು ಏರಿಸಿ ಕಟ್ಟಿದ್ದನ್ನು ನಮ್ಮ ಕಾಲದ ಕೆತ್ತನೆಗಾರ ಒಂದು ಉಗುರಿನಷ್ಟು ಜಾಗದಲ್ಲಿ ಕೂರಿಸಬೇಕು. ನಾಣ್ಯವನ್ನು ಸ್ವಲ್ಪ ಓರೆ ಮಾಡಿದರೆ ನೆರಳು ಒಂದು ಬದಿಗೆ ಬೀಳುತ್ತದೆ, ಗೋಪುರ ಎದ್ದು ನಿಲ್ಲುತ್ತದೆ. ನೇರ ಹಿಡಿದರೆ ಮತ್ತೆ ಚಪ್ಪಟೆ. ನಾನು ಇದನ್ನು ನನ್ನ ಮಗಳಿಗೆ ತೋರಿಸಿದಾಗ ಅವಳು ಅರ್ಧ ಗಂಟೆ ಕಿಟಕಿ ಬಿಟ್ಟು ಏಳಲಿಲ್ಲ.

ದಂಡಿ ಯಾತ್ರೆಯ ನಾಣ್ಯದಲ್ಲಿ ಗಾಂಧೀಜಿ ಮುಂದೆ, ಜನ ಹಿಂದೆ. ಬಳಸಿ ಸವೆದ ನಾಣ್ಯದಲ್ಲಿ ಮೊದಲು ಅಳಿಸುವುದು ಮುಖಗಳು. ಎಲ್ಲಕ್ಕಿಂತ ಎತ್ತರ ಇರುವ ಭಾಗ ಮೊದಲು ಸವೆಯುತ್ತದೆ, ಇದು ಎಲ್ಲ ನಾಣ್ಯಕ್ಕೂ ಅನ್ವಯಿಸುವ ಮಾತು. ಹಾಗಾಗಿ ಯಾವ ನಾಣ್ಯ ಸಿಕ್ಕಿದರೂ ಅದರಲ್ಲಿ ಎತ್ತರದ ಜಾಗ ಯಾವುದು ಅಂತ ಮೊದಲು ಹುಡುಕಿ. ಅಲ್ಲಿ ಗೆರೆ ಉಳಿದಿದ್ದರೆ ನಾಣ್ಯ ಒಳ್ಳೆಯ ಸ್ಥಿತಿಯಲ್ಲಿದೆ.

ಆಮೇಲೆ ಇಸವಿಯ ಕೆಳಗೆ ನೋಡಿ. ಅಲ್ಲಿ ಟಂಕಸಾಲೆಯ ಗುರುತು ಇರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ಗುಂಡಗಿನ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ನಾಣ್ಯ ಎರಡು ಮೂರು ಟಂಕಸಾಲೆಯಲ್ಲಿ ಅಚ್ಚಾಗಿರಬಹುದು. ಆಗ ಸಂಗ್ರಾಹಕರು ಎಲ್ಲ ಗುರುತಿನದ್ದೂ ಬೇಕು ಅಂತ ಹುಡುಕುತ್ತಾರೆ. ನಾನು ಮುಂಬೈಯ ವಜ್ರಕ್ಕೆ ಮೊದಲ ಜಾಗ ಕೊಡುತ್ತೇನೆ. ಫೋರ್ಟ್‌ನಲ್ಲಿ ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೆ ನಮ್ಮ ಟಂಕಸಾಲೆ ಇದೆ. ಆ ಗೋಡೆಯ ಪಕ್ಕ ನಡೆದು ಹೋಗುವಾಗಲೆಲ್ಲ ನನಗೆ ಒಂದು ಸಂತೋಷ. ಇಲ್ಲಿಂದ ಹೊರಟ ನಾಣ್ಯ ದೇಶ ಸುತ್ತಿ ಕೆಲವೇ ಕಿಲೋಮೀಟರ್ ದೂರದ ನನ್ನ ಗಲ್ಲಾಕ್ಕೆ ಬಂದು ಬೀಳುತ್ತದೆ.

ಒಂದು ಅಯಸ್ಕಾಂತವೂ ಹತ್ತಿರ ಇರಲಿ. 1990ರ ದಶಕದ ಉಕ್ಕಿನ ಒಂದು ರೂಪಾಯಿ ಅದಕ್ಕೆ ಅಂಟುತ್ತದೆ. ಆ ಕಾಲದ ದಪ್ಪನೆಯ, 9 ಗ್ರಾಂ ತೂಕದ ಐದು ರೂಪಾಯಿ ತಾಮ್ರ ನಿಕ್ಕಲ್‌ನದ್ದು, ಅಂಟುವುದಿಲ್ಲ. ಐದರ ನಾಣ್ಯ ಆಮೇಲೆ ಉಕ್ಕಿಗೆ ಬದಲಾಯಿತು. ಬದಲಾಗುವ ಹೊತ್ತಿನ ಕೆಲವು ಸ್ಮರಣಾರ್ಥ ನಾಣ್ಯಗಳು ಎರಡೂ ಲೋಹದಲ್ಲಿ ಸಿಗುತ್ತವೆ. ಚಿತ್ರ ಒಂದೇ, ತೂಕ ಬೇರೆ.

ಹೆಜ್ಜೆ 5: ಹೊರದೇಶದವು ನೆಂಟರ ಜೇಬಿನಲ್ಲಿ

ದೃಶ್ಯದ ನಾಣ್ಯ ಅಂದರೆ ಅಮೆರಿಕದ ಕ್ವಾರ್ಟರ್ ಬಿಟ್ಟು ಮಾತಾಡಲು ಆಗುವುದಿಲ್ಲ. ಕ್ವಾರ್ಟರ್ ಅಂದರೆ ಅವರ ಪಾವಲಿ, 25 ಸೆಂಟ್. 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ 50 ರಾಜ್ಯಗಳಿಗೂ ಒಂದೊಂದು ಚಿತ್ರ ಹಾಕಿದರು. ಆಮೇಲೆ 2010ರಿಂದ 2021ರವರೆಗೆ ರಾಷ್ಟ್ರೀಯ ಉದ್ಯಾನ ಮತ್ತು ಚಾರಿತ್ರಿಕ ತಾಣಗಳ 56 ನಾಣ್ಯ. ಎಲ್ಲವೂ ಅಂಗಡಿಯ ಚಿಲ್ಲರೆಯಲ್ಲಿ ಓಡಾಡಿದವು. ಅಮೆರಿಕದಿಂದ ಬರುವ ನೆಂಟರಿಗೆ ಚಾಕೊಲೇಟ್ ಬೇಡ, ಕಾರಿನಲ್ಲಿ ಬಿದ್ದಿರುವ ಚಿಲ್ಲರೆ ತನ್ನಿ ಅಂತ ಹೇಳಿ. ನನ್ನ ಅಕ್ಕನ ಮಗ ಮೊದಲ ಸಲ ತಂದಾಗ ಒಂದು ಕಾಲುಚೀಲದ ತುಂಬ ಇತ್ತು.

ಅದರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆ ಇತ್ತು, 2010ರದ್ದು. ಅದೇ ವರ್ಷದ ಗ್ರ್ಯಾಂಡ್ ಕ್ಯಾನ್ಯನ್ ಕೂಡ. ಗ್ರ್ಯಾಂಡ್ ಕ್ಯಾನ್ಯನ್ ಅಂದ ಕೂಡಲೇ ಬರೀ ಕಣಿವೆ ಇರುತ್ತದೆ ಅಂದುಕೊಂಡಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಬಂಡೆಯ ಎತ್ತರದಲ್ಲಿ ಸಾಲಾಗಿ ಸಣ್ಣ ಬಾಗಿಲಿನಂಥ ತೂತುಗಳು. ಅವು ಹಿಂದಿನ ಕಾಲದ ಮೂಲನಿವಾಸಿಗಳು ಧಾನ್ಯ ಕಾಪಾಡಿಡುತ್ತಿದ್ದ ಕಣಜ. ಕೆಳಗೆ ಕೊಲೊರಾಡೊ ನದಿ. ಕಣಜ ಅಂದ ಮೇಲೆ ನನಗೆ ನಮ್ಮ ಊರಿನ ಮನೆಯ ಭತ್ತದ ಕಣಜವೇ ನೆನಪಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ 2000ದ ಕ್ವಾರ್ಟರ್. ಅಲ್ಲಿನ ಬೆಟ್ಟವೊಂದರ ತುದಿಯಲ್ಲಿ ಕಲ್ಲುಗಳು ತಾವಾಗಿಯೇ ಮುದುಕನ ಮುಖದ ಹಾಗೆ ಕೂತಿದ್ದವು. ಹಣೆ, ಮೂಗು, ಗಲ್ಲ, ಎಲ್ಲ ಸರಿಯಾಗಿ. ಸುಮಾರು 12 ಮೀಟರ್ ಎತ್ತರದ ಮುಖ. 'ಬೆಟ್ಟದ ಮುದುಕ' ಅಂತಲೇ ಜನ ಕರೆಯುತ್ತಿದ್ದರು. ಕೆಳಕ್ಕೆ ಬೀಳಬಾರದು ಅಂತ ಸರಳು, ಸಿಮೆಂಟು ಹಾಕಿ ಎಷ್ಟೋ ವರ್ಷ ಕಾಪಾಡಿದರು. 2003ರ ಮೇ 3ರಂದು ಅದು ಕುಸಿದು ಬಿತ್ತು. ಈಗ ಅಲ್ಲಿ ಬರೀ ಬೋಳು ಬಂಡೆ. ನಾಣ್ಯ ಬಂದು ಮೂರೇ ವರ್ಷವಾಗಿತ್ತು.

ಇದನ್ನು ಓದಿ ತಿಳಿದ ದಿನ ನಾನು ಆ ನಾಣ್ಯ ತೆಗೆದು ಮತ್ತೆ ನೋಡಿದೆ. ಜಾಗ ಹೋಗಿದೆ, ಆದರೆ ಜನರ ಜೇಬಿನಲ್ಲಿ ಅದರ ಮುಖ ಇನ್ನೂ ಓಡಾಡುತ್ತಿದೆ. ನಮ್ಮ 2012ರ ಸಂಸತ್ತಿನ ನಾಣ್ಯಕ್ಕೂ ಈಗ ಹೀಗೇ ಒಂದು ಅರ್ಥ ಬಂದಿದೆ. ಕಟ್ಟಡವೇನೋ ಗಟ್ಟಿಯಾಗಿ ನಿಂತಿದೆ, ಆದರೆ 2023ರಿಂದ ಅಧಿವೇಶನ ಪಕ್ಕದ ಹೊಸ ಭವನದಲ್ಲಿ. ದೃಶ್ಯದ ನಾಣ್ಯ ಒಂದು ಜಾಗವನ್ನು ಆ ವರ್ಷ ಅದು ಹೇಗಿತ್ತೋ ಹಾಗೆ ಹಿಡಿದಿಡುತ್ತದೆ. ನನಗೆ ಇದರ ಆಕರ್ಷಣೆ ಇದೇ.

ನೆಂಟರಿಗೆ ಇನ್ನೊಂದು ಮಾತು ಹೇಳಿಡಿ. 2019 ಮತ್ತು 2020ರ ಕ್ವಾರ್ಟರ್‌ಗಳಲ್ಲಿ ಕೆಲವಕ್ಕೆ 'ಡಬ್ಲ್ಯು' ಅಕ್ಷರ ಇರುತ್ತದೆ, ವೆಸ್ಟ್ ಪಾಯಿಂಟ್ ಟಂಕಸಾಲೆಯದ್ದು. ಒಂದೊಂದು ಚಿತ್ರಕ್ಕೆ 20 ಲಕ್ಷ ಮಾತ್ರ ಅಚ್ಚು ಹಾಕಿ ಚಿಲ್ಲರೆಯಲ್ಲಿ ಬೆರೆಸಿದರು. 'ಪಿ' ಅಂದರೆ ಫಿಲಡೆಲ್ಫಿಯಾ, 'ಡಿ' ಅಂದರೆ ಡೆನ್ವರ್. ಅವು ಧಾರಾಳ ಸಿಗುತ್ತವೆ.

ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿ ನೆಟ್ಟಗೆ ಕಾಣುತ್ತದೆ. ಅಮೆರಿಕದ್ದನ್ನು ಗೋಡೆ ಕ್ಯಾಲೆಂಡರಿನ ಹಾಳೆಯ ಹಾಗೆ ಮೇಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ನಾನು ಮೊದಲು ಎಲ್ಲವೂ ತಲೆಕೆಳಗಾಗಿ ಅಚ್ಚಾಗಿವೆ ಅಂದುಕೊಂಡಿದ್ದೆ.

ಕೆನಡಾ 1992ರಲ್ಲಿ ತಿಂಗಳಿಗೊಂದರಂತೆ ತನ್ನ 10 ಪ್ರಾಂತ್ಯ ಮತ್ತು 2 ಪ್ರದೇಶಗಳ 25 ಸೆಂಟ್ ಬಿಟ್ಟಿತ್ತು. ಬ್ರಿಟನ್ನಿನ ಒಂದು ಪೌಂಡಿನಲ್ಲಿ 2004ರಿಂದ 2007ರವರೆಗೆ ಸೇತುವೆಗಳು ಬಂದವು. ಸ್ಪೇನ್ 2011ರಲ್ಲಿ ಎರಡು ಯೂರೋ ಮೇಲೆ ಅಲ್‌ಹಾಂಬ್ರಾ ಅರಮನೆ ಹಾಕಿತು. ಆ ಕಡೆ ಹೋಗಿ ಬರುವವರಿದ್ದರೆ ಕೇಳಿ.

ಹೆಜ್ಜೆ 6: ಮುಂಬೈಯ ಹವೆಯಿಂದ ಕಾಪಾಡುವುದು

ಮೊದಲ ನಿಯಮ: ತಿಕ್ಕಬೇಡಿ. ಇದನ್ನು ನಾನು ನೋವಿನಿಂದ ಕಲಿತೆ. ಅಮ್ಮ ಲಕ್ಷ್ಮಿ ಪೂಜೆಗೆ ಇಟ್ಟಿದ್ದ ಕಮಲದ 20 ಪೈಸೆ ನಾಣ್ಯಗಳು, ಹಿತ್ತಾಳೆ ಬಣ್ಣದವು, ನನ್ನ ಕೈಗೆ ಬಂದವು. ದೇವರ ದೀಪ ತೊಳೆದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಒಂದು ಗಂಟೆ ಫಳಫಳ ಅಂದವು. ಆಮೇಲೆ ಒಂಥರಾ ಕೆಂಪಾಗಿ ಹೋದವು, ಮೈಯೆಲ್ಲ ಸಣ್ಣ ಗೀರು. ಮೂವತ್ತು ವರ್ಷದಲ್ಲಿ ಮೆಲ್ಲಗೆ ಕೂತಿದ್ದ ಬಣ್ಣ ಹತ್ತು ನಿಮಿಷದಲ್ಲಿ ಹೋಯಿತು. ಅದು ಮತ್ತೆ ಬರುವುದಿಲ್ಲ. ಹುಣಸೆ, ನಿಂಬೆ, ಬೂದಿ, ಟೂತ್‌ಪೇಸ್ಟ್, ಪಾತ್ರೆ ಪುಡಿ, ಯಾವುದೂ ಬೇಡ. ತೀರಾ ಜಿಡ್ಡು ಇದ್ದರೆ ಬ್ಯಾಟರಿ ನೀರು ಅಂತ ಸಿಗುವ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಕೊಳ್ಳುವಾಗ ಬ್ಯಾಟರಿಗೆ ಹಾಕುವ ಆಸಿಡ್ ಅಲ್ಲ, ಬರೀ ನೀರು ಅಂತ ನೋಡಿಕೊಳ್ಳಿ.

ಎರಡನೆಯದು ನಮ್ಮ ಸಮುದ್ರದ ಗಾಳಿ. ಉಪ್ಪು, ತೇವ, ನಾಲ್ಕು ತಿಂಗಳ ಮಳೆ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ಕಿನ ಆಲ್ಬಮ್ ತೆಗೆದುಕೊಳ್ಳಬೇಡಿ. ಪಿವಿಸಿ ಪ್ಲಾಸ್ಟಿಕ್ ಕಾಲ ಹೋದಂತೆ ಅಂಟು ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಲೋಳೆ ಕೂರುತ್ತದೆ. ಮೂಗಿನ ಹತ್ತಿರ ಹಿಡಿದಾಗ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಬೇಡ. ನಡುವೆ ಮೈಲಾರ್ ಅನ್ನುವ ಪಾರದರ್ಶಕ ಹಾಳೆ ಇರುವ ಚೌಕದ ರಟ್ಟಿನ ಚೌಕಟ್ಟು ನಾಣ್ಯದ ಅಂಗಡಿಯಲ್ಲಿ ಸಿಗುತ್ತದೆ. ನಾಣ್ಯ ಇಟ್ಟು ಮಡಚಿ ಸ್ಟೇಪಲ್ ಹೊಡೆಯುವುದು, ಅಷ್ಟೇ. ಹಾಗೆ ಹಾಕಿದವನ್ನೆಲ್ಲ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೂನ್ ಒಂದಕ್ಕೆ ಹೊಸ ಪೊಟ್ಟಣ ಬದಲಿಸುವುದು ನಮ್ಮ ಮನೆಯ ಪದ್ಧತಿ. ರಬ್ಬರ್ ಬ್ಯಾಂಡ್, ದಿನಪತ್ರಿಕೆಯ ಹಾಳೆ, ಎರಡನ್ನೂ ದೂರ ಇಡಿ. ನಾಣ್ಯ ಕಪ್ಪಾಗುತ್ತದೆ.

ಹೆಜ್ಜೆ 7: ಕೊಳ್ಳಲೇಬೇಕು ಅಂದಾಗ

ಕೆಲವು ಚಿಲ್ಲರೆಯಲ್ಲಿ ಎಷ್ಟು ಕಾದರೂ ಸಿಗುವುದಿಲ್ಲ. ಆಗ ವ್ಯಾಪಾರಿಗಳ ಹತ್ತಿರ ಹೋಗಬೇಕು. ಹೋಗುವ ಮೊದಲು ಫೋರ್ಟ್‌ನ ಸರ್ ಪಿ.ಎಂ. ರಸ್ತೆಯಲ್ಲಿ, ಅಮರ್ ಬಿಲ್ಡಿಂಗ್‌ನಲ್ಲಿ ಇರುವ ರಿಸರ್ವ್ ಬ್ಯಾಂಕಿನ ನಾಣ್ಯ ವಸ್ತುಸಂಗ್ರಹಾಲಯ ನೋಡಿ ಬನ್ನಿ. 2004ರಲ್ಲಿ ತೆರೆದದ್ದು. ನಿಜವಾದ ನಾಣ್ಯ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ.

ಚೋರ್ ಬಜಾರಿನ ಮಟನ್ ಸ್ಟ್ರೀಟ್ ತಿರುಗಾಡಲು ಚೆಂದ. ಆದರೆ ಅಲ್ಲಿ ಹಳೆಯ ನಾಣ್ಯದ ನಕಲುಗಳೂ ಇರುತ್ತವೆ, ಹೊಸಬರು ಬರೀ ನೋಡಿ ಬನ್ನಿ. ನನಗೊಮ್ಮೆ ಫುಟ್‌ಪಾತಿನ ಒಬ್ಬರು ಪಾಲಿಶ್ ಮಾಡಿದ ನಾಣ್ಯವನ್ನು ಹೊಸದು ಅಂತ ಕೊಟ್ಟಿದ್ದರು. ಈಗ ಗೊತ್ತು: ಹೊಸ ನಾಣ್ಯದ ಹೊಳಪು ತಿರುಗಿಸಿದಾಗ ಚಕ್ರದ ಅರಗಳ ಹಾಗೆ ಸುತ್ತುತ್ತದೆ. ಪಾಲಿಶ್ ಮಾಡಿದ್ದು ಎಲ್ಲ ಕಡೆ ಒಂದೇ ಸಮ ಮಿನುಗುತ್ತದೆ.

"ವೈಷ್ಣೋದೇವಿ ನಾಣ್ಯ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ" ಅಂತ ಫೋನಿಗೆ ಬರುವ ಸಂದೇಶ ನಂಬಬೇಡಿ. 2012ರಲ್ಲಿ ಬಂದ ಆ ಐದು, ಹತ್ತು ರೂಪಾಯಿ ಇನ್ನೂ ಚಿಲ್ಲರೆಯಲ್ಲಿ ಸಿಗುತ್ತವೆ. ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಾರೆ, ದುಡ್ಡು ಅಲ್ಲೇ ಹೋಗುತ್ತದೆ. ತನ್ನ ಹೆಸರು ಹೇಳಿ ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಅಡುಗೆ ಭಟ್ರು ಶುಲ್ಕ ಕಟ್ಟಲು ಹೊರಟಿದ್ದರು. ಹೊತ್ತಿಗೆ ಸರಿಯಾಗಿ ನನ್ನನ್ನು ಕೇಳಿದರು, ಉಳಿಯಿತು.

ಹೆಜ್ಜೆ 8: ಬರೆದಿಡುವುದು

ಒಂದು ನೂರು ಪುಟದ ನೋಟುಬುಕ್ ಸಾಕು. ಇಸವಿ, ಮುಖಬೆಲೆ, ಟಂಕಸಾಲೆಯ ಗುರುತು, ಲೋಹ. ಇಷ್ಟು ಎಲ್ಲರೂ ಬರೆಯುತ್ತಾರೆ. ಜೊತೆಗೆ ಎಲ್ಲಿ, ಯಾವ ದಿನ, ಯಾರ ಕೈಯಿಂದ ಬಂತು ಅಂತಲೂ ಬರೆಯಿರಿ. ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಂಖ್ಯೆ, ನೋಟುಬುಕ್ಕಿನಲ್ಲಿ ಅದೇ ಸಂಖ್ಯೆಯ ಎದುರಿಗೆ ವಿವರ. ಚೌಕಟ್ಟಿನಲ್ಲಿ ಪೆನ್ನು ಬೇಡ, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.

ಜೋಡಿಸುವಾಗ ಇಸವಿಯ ಕ್ರಮ ಬಿಟ್ಟು ಭೂಪಟದ ಕ್ರಮ ಹಿಡಿದು ನೋಡಿ. ನನ್ನ ಆಲ್ಬಮ್ಮಿನ ಒಂದು ಪುಟದಲ್ಲಿ ಕೆಳಗೆ ಬಲಕ್ಕೆ ಅಂಡಮಾನ್, ಅದರ ಎಡಕ್ಕೆ ತಂಜಾವೂರು, ಎಡ ಅಂಚಿನಲ್ಲಿ ದಂಡಿ, ಮೇಲೆ ದೆಹಲಿಯ ಸಂಸತ್ತು ಮತ್ತು ಜಂತರ್ ಮಂತರ್. ನಡುವೆ ಖಾಲಿ ಇರುವ ಜಾಗಗಳನ್ನು ಹಾಗೇ ಬಿಟ್ಟಿದ್ದೇನೆ.

ಎರಡನೇ ಸಲ ಸಿಕ್ಕಿದ ನಾಣ್ಯಗಳನ್ನು ಬೇರೆ ಡಬ್ಬಿಯಲ್ಲಿಡಿ, ಅದಲು ಬದಲಿಗೆ ಆಗುತ್ತದೆ. ನನ್ನ ಆ ಡಬ್ಬಿ ಗಲ್ಲಾದ ಕೆಳಗಿನ ಡ್ರಾಯರಿನಲ್ಲೇ ಇದೆ. ಆ ಮಾಣಿ ಈಗ ಊರಿನಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ. ವರ್ಷಕ್ಕೊಮ್ಮೆ ಬಂದಾಗ ಅಲ್ಲಿನ ಗಲ್ಲಾದಲ್ಲಿ ಸಿಕ್ಕಿದ್ದನ್ನು ಕಾಗದದಲ್ಲಿ ಕಟ್ಟಿ ತರುತ್ತಾನೆ, ಇಲ್ಲಿಂದ ತನಗೆ ಇಲ್ಲದ್ದನ್ನು ಆರಿಸಿಕೊಂಡು ಹೋಗುತ್ತಾನೆ. ನನ್ನ ನೋಟುಬುಕ್ಕಿನ ಮೊದಲ ಸಾಲಿನಲ್ಲಿ ಅವನ ಹೆಸರಿದೆ: ಒಂದು ರೂಪಾಯಿ, 1997, ಸೆಲ್ಯುಲರ್ ಜೈಲು, ಉಕ್ಕು, ಇಡ್ಲಿ ಬಿಲ್ಲಿನಲ್ಲಿ ಬಂದದ್ದು.